ಪಾದದ ಕಲ್ಲು ಸರಿಸಿದ ಬೇಸಿಗೆ

ಈ ವರ್ಷ ಅಶ್ವಿನಿ ಮಳೆ ನಮ್ಮ ಕಡೆ ಒಂದೇ ಒಂದು ದಿನ ಬಂತು. ಆ ದಿನ ನಾನು ಶಿವಾರಪಟ್ಟಣದಿಂದ ಆಂಜನೇಯನ ವಿಗ್ರಹವೊಂದನ್ನು ಹೇರಿಕೊಂಡು, ಮುಳಬಾಗಿಲು ದಾಟಿ ಶ್ರೀನಿವಾಸಪುರದ ರಸ್ತೆಯಲ್ಲಿ ಹೋಗುತ್ತಿದ್ದೆ. ವಿಗ್ರಹಕ್ಕೆ ಹುಲ್ಲು ಸುತ್ತಿ ಗೋಣಿಚೀಲ ಕಟ್ಟಿದ್ದೆವು. ಹನಿ ಬಿದ್ದರೆ ಕಲ್ಲಿಗೇನೂ ಆಗುವುದಿಲ್ಲ, ಆದರೆ ಹುಲ್ಲು ನೆನೆದರೆ ಹಗ್ಗ ಸಡಿಲವಾಗಿ ವಿಗ್ರಹ ಜಾರುತ್ತದೆ. ಟಾರ್ಪಾಲು ಎಳೆಯೋಣವೆಂದು ಗಾಡಿ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ನೋಡಿದರೆ ಅದು ಚಿಗರೆಕುಂಟೆ ಗೇಟ್.

ಊರು ಒಳಗಿದ್ದು, ಊರಿನ ದಾರಿ ಟಾರು ರಸ್ತೆಗೆ ಬಂದು ಸೇರುವ ಜಾಗವನ್ನು ನಮ್ಮ ಕಡೆ ಗೇಟ್ ಎನ್ನುತ್ತಾರೆ. ಅಲ್ಲಿ ಯಾವ ಗೇಟೂ ಇರುವುದಿಲ್ಲ. ಒಂದು ಹುಣಸೆಮರ, ನಾಲ್ಕೈದು ಮನೆ, ಒಂದು ನಲ್ಲಿ. ಬಸ್ಸು ಕೈ ಮಾಡಿದರೆ ನಿಲ್ಲುತ್ತದೆ. ಎರಡು ವರ್ಷದಿಂದ ನಾನು ಆ ಜಾಗದಲ್ಲಿ ಗಾಡಿ ನಿಲ್ಲಿಸಿದ್ದಿಲ್ಲ.

ಕಾದ ಟಾರಿನ ಮೇಲೆ ಮೊದಲ ನೀರು ಬಿದ್ದು ವಾಸನೆ ಎದ್ದಿತ್ತು. ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ. ಇದು ಅದಲ್ಲ. ಎಣ್ಣೆ, ಧೂಳು, ರಬ್ಬರು ಎಲ್ಲ ಸೇರಿದ, ಗಂಟಲಿಗೆ ಹತ್ತುವ ವಾಸನೆ. ಹಗ್ಗ ಬಿಗಿಯುತ್ತಿದ್ದಾಗ ಹಿಂದಿನಿಂದ ಯಾರೋ ಮಾತಾಡಿಸಿದರು.

"ಏಮಿ ನಾಯ್ನಾ, ಓಡೋ ಹುಡುಗಿ ಅಣ್ಣ ಅಲ್ವಾ ನೀನು?"

ತಿರುಗಿದೆ. ಗೇಟಿನ ಮೊದಲ ಮನೆಯ ರಾಮಕ್ಕ, ಆ ಕಡೆಯವರ ಹಾಗೆ ತೆಲುಗು ಬೆರೆಸಿ ಮಾತಾಡುವವಳು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಪ್ಲಾಸ್ಟಿಕ್ ಬಿಂದಿಗೆ. ಸೂರಿನ ನೀರು ಹಿಡಿಯಲು ಹೊರಟಿದ್ದಳು. ಅವಳನ್ನು ನಾನು ಮಾತಾಡಿಸಿದ್ದು ಅದಕ್ಕೆ ಮುಂಚೆ ಒಂದೇ ಸಲ.

"ಹೂಂ ಅಮ್ಮ," ಎಂದೆ.

"ನಿನ್ನ ಕೇಳ್ಬೇಕು ಅಂತಾನೇ ಇದ್ದೆ. ನಾವು ತಡವಾಗಿ ಬಂದ್ವಂತೆ? ನಿನ್ನ ತಂಗಿ ನಮ್ಮ ಮೊಮ್ಮಗಳ ಹತ್ರ ಹಂಗೆ ಹೇಳಿದ್ಳಂತೆ. ಕೋಳಿ ಕೂಗೋಕೆ ಮುಂಚೆ ಬಂದು ಇದೇ ಮರದ ಕೆಳಗೆ ಕೂತಿದ್ದೆ ಕಣಪ್ಪ ನಾನು. ಅದೆಂಗೆ ತಡ ಆಗ್ತದೆ?"

ಮಳೆ ಜೋರಾಗುತ್ತಿದೆ ಎಂದೆ. ವಿಗ್ರಹ ಮುಟ್ಟಿಸಬೇಕು ಎಂದೆ. ಗಾಡಿ ಹತ್ತಿ ಹೊರಟುಬಿಟ್ಟೆ. ಅವಳು ತಡವಾಗಿ ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ನಾನು ನನ್ನ ತಂಗಿಯನ್ನು ಅವಳ ಮುಂದೆಯೇ, ಕತ್ತಲಲ್ಲಿ, ಗಾಡಿಯೊಳಗೆ ನಿದ್ದೆಯಲ್ಲಿರುವಾಗ ದಾಟಿಸಿದ್ದೆ. ಅದು ತಂಗಿಗೂ ಗೊತ್ತಿರಲಿಲ್ಲ.

ನನ್ನ ತಂಗಿ ನಾಗವೇಣಿ ಕೋಲಾರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿವಾರಪಟ್ಟಣದಲ್ಲಿ ನಮ್ಮದು ಕಲ್ಲಿನ ಕೆಲಸದ ಮನೆ. ಅಪ್ಪ ವಿಗ್ರಹ ಕಡೆಯುತ್ತಾರೆ. ನನಗೆ ಮುಖ, ಕೈಬೆರಳು ಅಷ್ಟು ಹಿಡಿಸಲಿಲ್ಲ. ಪೀಠ ಕೊರೆಯುವುದು, ಉಜ್ಜುವುದು, ಗಾಡಿಯಲ್ಲಿ ಊರೂರಿಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಇನ್ನೊಂದು ಕೆಲಸವೂ ನನಗೆ ಚೆನ್ನಾಗಿ ಬರುತ್ತಿತ್ತು. ಕಡೆಯುವಾಗ ಎಲ್ಲೋ ಒಂದು ಬೆರಳ ತುದಿಯೋ ಕಿವಿಯ ಅಂಚೋ ಹಾರಿಹೋದರೆ, ಅದೇ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಒಣಗಿಸಿ, ಉಜ್ಜಿ ಕೂಡಿಸುವುದು. ನಾನು ಕೂಡಿಸಿದ್ದನ್ನು ಕಣ್ಣು ಹಿಡಿಯುವುದು ಕಷ್ಟ. ಅಪ್ಪನಿಗೆ ಇದು ಸೇರುತ್ತಿರಲಿಲ್ಲ. ಮುಕ್ಕಾದ ವಿಗ್ರಹಕ್ಕೆ ನಮ್ಮಲ್ಲಿ ಭಿನ್ನ ಎನ್ನುತ್ತಾರೆ. ಭಿನ್ನವಾದದ್ದು ಪೂಜೆಗೆ ಹೋಗಬಾರದು. ಅಪ್ಪ ಅಂಥದ್ದನ್ನು ಶೆಡ್ಡಿನ ಹಿಂದೆ ಸಾಲಾಗಿ ಮಲಗಿಸುತ್ತಿದ್ದರು. ಹೋಟೆಲಿನ ಬಾಗಿಲಿಗೆ, ತೋಟದ ಮನೆಗಳಿಗೆ ಕೇಳಿಕೊಂಡು ಬಂದವರಿಗೆ ನಾನು ಅದರಲ್ಲೇ ಕೆಲವನ್ನು ಕೂಡಿಸಿ ಕಳಿಸುತ್ತಿದ್ದೆ. ಪೂಜೆಗಲ್ಲವಲ್ಲ ಎಂದು ನನ್ನ ಲೆಕ್ಕ.

ವೇಣಿ ಓಡುವುದನ್ನು ಶುರುಮಾಡಿದ್ದು ಕಾಲೇಜಿನಲ್ಲಿ. ಎರಡು ವರ್ಷದ ಹಿಂದಿನ ಆ ಬೇಸಿಗೆಗೂ ಹಿಂದಿನ ಬೇಸಿಗೆ ಅವಳ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಹುಡುಗಿಯರು ಬೆಳಗ್ಗೆ ಬೆಳಗ್ಗೆಯೇ ತಲೆ ಸುತ್ತಿ ಬೀಳುತ್ತಿದ್ದರಂತೆ. ಆಟದ ಪೀರಿಯಡ್ಡನ್ನು ಮರದ ಕೆಳಗೆ ಮಾಡೋಣವೆಂದರೆ ಮರಗಳು ರಸ್ತೆ ಅಗಲ ಮಾಡುವಾಗ ಹೋಗಿದ್ದವು. ಅದೇ ಅವಳ ತಲೆಯಲ್ಲಿ ಕೂತಿತು. ಒಂದು ಭಾನುವಾರ ಊರಿಗೆ ಬಂದವಳು ಊಟಕ್ಕೆ ಕೂತಾಗ ಹೇಳಿದಳು.

"ಅಣ್ಣ, ನಾಲ್ಕು ತಾಲ್ಲೂಕು ಓಡ್ತೀನಿ. ಮುಳಬಾಗಿಲಿಂದ ಶುರು ಮಾಡಿ ಶ್ರೀನಿವಾಸಪುರ, ಕೋಲಾರ, ಮಾಲೂರು, ಆಮೇಲೆ ನಮ್ಮೂರು. ಊರೂರಲ್ಲಿ ನಿಂತು ಮಾತಾಡ್ತೀನಿ. ಬಿಸಿಲು ಯಾಕೆ ಹಿಂಗಾಯ್ತು, ಮಳೆ ಯಾಕೆ ದಾರಿ ತಪ್ತು ಅಂತ."

"ಮಾತಾಡೋಕೆ ಓಡೋದ್ಯಾಕೆ? ಬಸ್ಸಲ್ಲಿ ಹೋಗಿ ಮಾತಾಡು."

"ಬಸ್ಸಲ್ಲಿ ಇಳಿದೋಳ ಮಾತು ಯಾರು ಕೇಳ್ತಾರೆ? ಬಿಸಿಲಲ್ಲಿ ಓಡೋಳನ್ನ ನೋಡಿದ್ರೆ ಅವ್ರೇ ನಿಲ್ಸಿ ಕೇಳ್ತಾರೆ, ಯಾಕಮ್ಮಾ ಅಂತ. ಆಗ ಹೇಳೋದು."

ಅಪ್ಪ ಮುದ್ದೆ ಮುರಿಯುತ್ತಾ, "ಓಡ್ಲಿ ಬಿಡೋ. ಒಬ್ಳನ್ನೇ ಕಳಿಸ್ಬೇಡ, ಗಾಡಿ ತಗೊಂಡು ನೀನೂ ಹಿಂದೆ ಹೋಗು," ಎಂದರು. ಅಲ್ಲಿಗೆ ಮುಗಿಯಿತು.

ವೇಣಿಯದು ಒಂದೇ ಷರತ್ತು. ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಗಾಡಿಯಲ್ಲಿ ದಾಟಬಾರದು. ಸಂಜೆ ಎಲ್ಲಿ ನಿಂತಳೋ, ರಾತ್ರಿ ಎಲ್ಲಿ ಮಲಗಿದರೂ ಸರಿ, ಬೆಳಗ್ಗೆ ಮತ್ತೆ ಅಲ್ಲಿಂದಲೇ ಓಡಬೇಕು. ಅದಕ್ಕೊಂದು ಗುರುತು ಬೇಕು ಎಂದಳು. ಪೀಠಕ್ಕೆ ಕತ್ತರಿಸಿ ಉಳಿದಿದ್ದ ಕರಿಕಲ್ಲಿನ ತುಂಡೊಂದನ್ನು ತೆಗೆದುಕೊಂಡು, ಅವಳ ಬಲಗಾಲನ್ನು ಅದರ ಮೇಲೆ ಇಡಿಸಿ ಸುತ್ತ ಗೆರೆ ಎಳೆದು, ಒಳಗೆ ಎರಡು ಬೆರಳಷ್ಟು ತಗ್ಗು ಕೊರೆದೆ. ಚಿಕ್ಕದೇ, ಒಬ್ಬ ಎತ್ತಬಹುದು. ಸಂಜೆ ನಿಂತ ಕಡೆ ಅದನ್ನಿಟ್ಟು, ಬೆಳಗ್ಗೆ ಬಂದು ಆ ಪಾದದಲ್ಲಿ ಕಾಲಿಟ್ಟು ಹೊರಡುವುದು. ಅಪ್ಪ ನೋಡಿ, "ಬೆರಳು ಚೆನ್ನಾಗಿ ಬಂದವೆ," ಎಂದರು. ಅವರು ನನ್ನ ಕೆಲಸ ಹೊಗಳಿದ್ದು ಅಷ್ಟು ನೆನಪಿಲ್ಲ, ಅದಕ್ಕೇ ಇದು ನೆನಪಿದೆ.

ಶಾಲೆಗೆ ರಜೆ ಸಿಕ್ಕ ಮೇಲೆ ಹೊರಟೆವು. ಬಿಸಿಲಿನ ಬಗ್ಗೆ ಹೇಳುವುದು ಬಿಸಿಲಲ್ಲೇ ಆಗಬೇಕು ಎನ್ನುವುದು ಅವಳ ಹಟ. ಆದರೂ ನಡುಮಧ್ಯಾಹ್ನ ಓಡುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ಶುರು, ಹತ್ತರ ಹೊತ್ತಿಗೆ ನಿಲ್ಲುವುದು, ಸಂಜೆ ಮತ್ತೆ ಸ್ವಲ್ಪ. ನಾನು ಹಿಂದೆ ಗಾಡಿಯಲ್ಲಿ. ಒಂದು ಡ್ರಮ್ಮು ನೀರು, ನಿಂಬೆಹಣ್ಣು, ಉಪ್ಪು, ಒದ್ದೆ ಟವೆಲು. ಓಡುವವರ ಹಿಂದೆ ಗಾಡಿ ಹೊಡೆಯುವುದು ಎಷ್ಟು ಬೇಸರದ ಕೆಲಸವೆಂದು ಹೊಡೆದವರಿಗೇ ಗೊತ್ತು. ಎರಡನೇ ಗೇರಿನ ಮೇಲೆ ಏರುವಂತಿಲ್ಲ. ಬಾಗಿಲಿಗೆ ಆನಿಸಿದ ಮೊಣಕೈ ಸುಡುತ್ತದೆ. ಹಿಂದಿನ ಲಾರಿಯವರೆಲ್ಲ ಬೈದು ಹೋಗುತ್ತಾರೆ.

ಜನ ಅವಳನ್ನು ನಿಲ್ಲಿಸಿ ಕೇಳಿದ್ದು ನಿಜ. ಆದರೆ ಕೇಳಿದ್ದು ಬೇರೆ. ಒಂದೂರಲ್ಲಿ, "ಪೊಲೀಸ್ ಸೆಲೆಕ್ಷನ್ನಾಮ್ಮ?" ಎಂದರು. ಇನ್ನೊಂದೂರಲ್ಲಿ, "ಯಾವ ದೇವರ ಹರಕೆ?" ಮತ್ತೊಂದು ಕಡೆ ಒಬ್ಬರು ನನ್ನ ಹತ್ತಿರ ಬಂದು ಮೆಲ್ಲಗೆ, "ಯಾವ ಪಾರ್ಟಿ ಕಡೆಯಿಂದ?" ಎಂದರು. ಅವಳು ಎಲ್ಲರಿಗೂ ಒಂದೇ ಥರ ಹೇಳುತ್ತಿದ್ದಳು. "ಈ ಸಲ ಮಾವು ಎಷ್ಟು ಸಲ ಹೂ ಬಿಡ್ತು, ನೀವೇ ಹೇಳಿ. ಒಂದೇ ಕೊಂಬೇಲಿ ಹೂವೂ ಐತೆ, ಪಿಂದೆನೂ ಐತೆ, ಕಾಯೂ ಐತೆ. ಮರಕ್ಕೆ ಯಾವ ಕಾಲ ಅಂತ ಗೊತ್ತಾಗ್ತಿಲ್ಲ." ಅಷ್ಟು ಹೇಳಿದರೆ ಶ್ರೀನಿವಾಸಪುರದ ಕಡೆ ಮಾವಿನವರಿಗೆ ಸಾಕಿತ್ತು, ಉಳಿದದ್ದನ್ನು ಅವರೇ ಮಾತಾಡುತ್ತಿದ್ದರು. ಹೊಗೆ, ಕಲ್ಲಿದ್ದಲು, ಡೀಸೆಲ್ಲು ಎಂದು ಅವಳು ಮುಂದುವರಿಸಿದಾಗ ಟೀ ಅಂಗಡಿಯಲ್ಲಿ ಒಬ್ಬ ನನ್ನ ಗಾಡಿಯ ಕಡೆ ಕೈ ತೋರಿಸಿದ.

"ಮುಂದೆ ಓಡೋಳು ಹೊಗೆ ಬೇಡ ಅಂತಾಳೆ, ಹಿಂದೆ ಬರೋನು ಹೊಗೆ ಬಿಡ್ಕೊಂಡು ಬರ್ತಾನೆ. ಏನ್ಲಾ ಇದು?"

ಎಲ್ಲರೂ ನಕ್ಕರು. ವೇಣಿಯೂ ನಕ್ಕು, "ಹೌದಣ್ಣ, ಅದೇ ನಮ್ಮ ಕಷ್ಟ," ಎಂದಳು. ನನಗೆ ನಗು ಬರಲಿಲ್ಲ. ಹಾರ ಹಾಕಿದವರೆಲ್ಲ ಅವಳಿಗೆ ಹಾಕುತ್ತಿದ್ದರು. ಹಾರ ಇಸಿದುಕೊಂಡು ಗಾಡಿಯಲ್ಲಿ ಎಸೆಯುವವನು ನಾನು.

ಮುಳಬಾಗಿಲು ಸುತ್ತಲಿನ ಹಳ್ಳಿಗಳು ಮುಗಿದು ಶ್ರೀನಿವಾಸಪುರದ ರಸ್ತೆ ಹಿಡಿದ ದಿನ ಅವಳಿಗೆ ಮೈ ಸರಿಯಿರಲಿಲ್ಲ, ಜ್ವರ ಬಂದಂತಿತ್ತು. ಹೆಬ್ಬೆರಳ ಉಗುರು ಕಪ್ಪಾಗಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ. ಮಧ್ಯಾಹ್ನ ಮುಳಬಾಗಿಲಿನ ದೊಡ್ಡಮ್ಮನ ಮನೆಯಲ್ಲಿ ಅವಳು ಮಲಗಿದ್ದಾಗ, ಮುಂದಿನ ಊರುಗಳಿಗೆ ಹೇಳಿಬರಲು ನಾನು ಗಾಡಿ ತೆಗೆದುಕೊಂಡು ಹೋದೆ. ಚಿಗರೆಕುಂಟೆ ಗೇಟಿನಲ್ಲಿ ಹೆಂಗಸರು ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕೂತಿದ್ದರು. ಅವತ್ತು ನೀರು ಬಿಡುವ ದಿನ. ಅಲ್ಲಿ ದಿನಾ ನೀರು ಬರುವುದಿಲ್ಲ. ಒಮ್ಮೆ ಬಂದರೆ ಮತ್ತೆ ಬರುವ ತನಕ ಅದರಲ್ಲೇ ತೂಗಿಸಬೇಕು. ನಾನು ವಿಷಯ ಹೇಳಿದೆ. ಮಾತಿಗೆ ನಿಂತವಳು ರಾಮಕ್ಕ.

"ಮಳೆ ಬರ್ಲಿ ಅಂತ ಓಡ್ತಾಳಾ?"

"ಹಂಗಲ್ಲಮ್ಮ. ಮಳೆ ಬೆಳೆ ಎಲ್ಲ ಯಾಕೆ ಹಿಂಗಾಯ್ತು ಅಂತ ತಿಳ್ಸೋಕೆ."

"ಅದೇ ಅಲ್ವಾ ಮತ್ತೆ? ಮೊದ್ಲು ನಮ್ಮೂರಾಗೆ ಹುಡುಗ್ರು ಮಳೆರಾಯನ್ನ ಹೊತ್ಕೊಂಡು ಬರೋರು. ಈಗಿನೋರಿಗೆ ನಾಚ್ಕೆ. ಯಾರೂ ಹೊರಲ್ಲ. ನಿನ್ನ ತಂಗಿ ಬರ್ಲಿ, ಅವಳ ಮೇಲೇ ಹುಯ್ತೀವಿ."

ಮಳೆರಾಯನೆಂದರೆ ಕೆರೆಯ ಮಣ್ಣಿನಲ್ಲಿ ಮಾಡಿದ ಬೊಂಬೆ. ಮಳೆ ಹೋದ ವರ್ಷ ಅದನ್ನು ಹಲಗೆಯ ಮೇಲಿಟ್ಟು ಒಬ್ಬನ ತಲೆಗೆ ಹೊರಿಸಿ ಮನೆಮನೆಗೆ ಹೋಗುತ್ತಾರೆ. ಪ್ರತಿ ಮನೆಯವರೂ ಬಿಂದಿಗೆ ತಂದು ಹೊತ್ತವನ ತಲೆಯ ಮೇಲೆ ನೀರು ಹುಯ್ಯುತ್ತಾರೆ. ಎಷ್ಟೇ ಬರವಿದ್ದರೂ ಆ ಒಂದು ಬಿಂದಿಗೆಗೆ ಯಾರೂ ಹಿಂದೆಮುಂದೆ ನೋಡುವುದಿಲ್ಲ.

"ಎಷ್ಟೊತ್ತಿಗೆ ಬರ್ತಾಳೆ?" ಎಂದಳು ರಾಮಕ್ಕ.

"ನಾಳೆ ಬೆಳಕು ಹರಿಯೋ ಹೊತ್ತಿಗೆ."

"ಕಾಯ್ತಿರ್ತೀವಿ ಅಂತ ಹೇಳು."

ಹೇಳುತ್ತೇನೆ ಎಂದು ಬಂದೆ. ಆ ಸಂಜೆ ವೇಣಿ ಓಡಿದ್ದು ಗೇಟಿಗೆ ಇನ್ನೂ ಸ್ವಲ್ಪ ದೂರ ಇರುವ, ರಸ್ತೆಯಡಿ ನೀರು ಹಾಯುವ ಒಂದು ಮೋರಿಯ ತನಕ. ಅಲ್ಲಿ ರಸ್ತೆ ಬದಿಗೆ ಕೂತು ವಾಂತಿ ಮಾಡಿಕೊಂಡಳು. ಮೋರಿಯ ಕಟ್ಟೆಯ ಪಕ್ಕ ಕಲ್ಲಿಟ್ಟು, ನನ್ನ ಭುಜ ಹಿಡಿದು ಗಾಡಿ ಹತ್ತಿದಳು. "ನಾಳೆ ಹತ್ತಕ್ಕೆ ಶ್ರೀನಿವಾಸಪುರದಲ್ಲಿ ಮಕ್ಕಳು ಕಾಯ್ತಿರ್ತಾರೆ ಅಣ್ಣ. ತಪ್ಪಿಸಂಗಿಲ್ಲ," ಎಂದವಳು ದೊಡ್ಡಮ್ಮನ ಮನೆ ಮುಟ್ಟುವುದರೊಳಗೆ ನಿದ್ದೆ ಹೋಗಿದ್ದಳು.

ಗೇಟಿನವರ ಮಾತು ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ನಿಂತೇ ನಿಲ್ಲುತ್ತಿದ್ದಳು. ನಾಲ್ಕೈದು ಬಿಂದಿಗೆ ನೀರು ಹುಯ್ದರೆ ಬೂಟು ತೊಯ್ದುಹೋಗುತ್ತದೆ. ಒದ್ದೆ ಬೂಟಿನಲ್ಲಿ ಆ ಬೊಬ್ಬೆಯ ಕಾಲು ಎಷ್ಟು ದೂರ ಹೋದೀತು? ಇದು ನಾನು ಆಗ ಯೋಚಿಸಿದ್ದು, ಸುಳ್ಳಲ್ಲ. ಆದರೆ ಹುಯ್ಯಬೇಡಿ ಎಂದು ಆ ಹೆಂಗಸರಿಗೇ ಹೇಳಬಹುದಿತ್ತು. ಕಾಲಿನ ಮೇಲೆ ಮಾತ್ರ ಬೇಡ ಎನ್ನಬಹುದಿತ್ತು. ವೇಣಿಗೆ ಹೇಳಿ ಒಂದು ದಿನ ಸುಮ್ಮನಿರಿಸಬಹುದಿತ್ತು. ಅದಕ್ಕೆಲ್ಲ ಮಾತು ಬೇಕು, ವಾದ ಬೇಕು. ಎರಡನೇ ಗೇರಿನಲ್ಲಿ ಹೊಡೆದು ಹೊಡೆದು ನನಗೆ ಬೇಸತ್ತಿತ್ತು. ಒಂದು ಬೆಳಗ್ಗೆಯಾದರೂ ಬೇಗ ಮುಗಿಯಲಿ ಎನಿಸಿತ್ತು. ಅದೂ ಸುಳ್ಳಲ್ಲ.

ಡೀಸೆಲ್ ಹಾಕಿಸಿಕೊಂಡು ಬರುತ್ತೇನೆಂದು ದೊಡ್ಡಮ್ಮನಿಗೆ ಹೇಳಿ ದೀಪ ಹಚ್ಚುವ ಹೊತ್ತಿಗೆ ಹೊರಟೆ. ಮೋರಿಯ ಹತ್ತಿರ ಕಲ್ಲನ್ನು ಎತ್ತಿ ಗಾಡಿಗೆ ಹಾಕಿದೆ. ಗೇಟು ದಾಟಿದೆ. ಆ ಮೋರಿಯಿಂದ ಒಟ್ಟು ಮೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಹೋಗಿ, ಅದೇ ಥರದ ಇನ್ನೊಂದು ಮೋರಿ ಹುಡುಕಿ, ಕಟ್ಟೆಯ ಅದೇ ಪಕ್ಕಕ್ಕೆ, ಬೆರಳು ಶ್ರೀನಿವಾಸಪುರದ ಕಡೆ ಬರುವ ಹಾಗೆ ಇಟ್ಟೆ. ಆ ರಸ್ತೆಯಲ್ಲಿ ಮೋರಿಗಳಿಗೇನು ಬರವಿಲ್ಲ. ಹಿಂದೆ ಸರಿದು ಒಮ್ಮೆ ನೋಡಿದೆ. ಮುಕ್ಕನ್ನು ಕೂಡಿಸಿದ ಮೇಲೆ ಗೆರೆ ಕಾಣುತ್ತದೆಯೇ ಎಂದು ನೋಡುವುದು ನನ್ನ ಅಭ್ಯಾಸ. ಕಾಣುತ್ತಿರಲಿಲ್ಲ.

ಮರುದಿನ ಇನ್ನೂ ಕತ್ತಲಿದ್ದಾಗ ಹೊರಟೆವು. ವೇಣಿ ಗಾಜಿಗೆ ತಲೆ ಕೊಟ್ಟು ನಿದ್ದೆಯಲ್ಲಿದ್ದಳು. ಗೇಟಿನ ಹತ್ತಿರ ಬಂದಾಗ ಗಾಡಿಯ ಬೆಳಕಿನಲ್ಲಿ ಹುಣಸೆಮರದ ಬುಡ ಕಂಡಿತು. ಅಲ್ಲಿ ಒಬ್ಬಳು ಸೆರಗು ಹೊದ್ದು ಕೂತಿದ್ದಳು. ಪಕ್ಕದಲ್ಲಿ ಬಿಂದಿಗೆ ಸಾಲಾಗಿದ್ದವು. ಗಾಡಿ ನೋಡಿ ಅವಳು ಎದ್ದಳು, ಅದು ಸುಮ್ಮನೆ ಹೋಗುವ ಗಾಡಿ ಎಂದುಕೊಂಡು ಮತ್ತೆ ಕೂತಳು. ನಾನು ಹಾರ್ನ್ ಮಾಡಲಿಲ್ಲ. ವೇಣಿ ಎದ್ದಳೇನೋ ಎಂದು ಪಕ್ಕಕ್ಕೆ ನೋಡಿದೆ. ಎದ್ದಿರಲಿಲ್ಲ.

ಹೊಸ ಮೋರಿಯ ಹತ್ತಿರ ಎಬ್ಬಿಸಿದೆ. ಇಳಿದವಳು ಟಾರ್ಚಿನಲ್ಲಿ ಕಲ್ಲು ನೋಡಿ, ಸುತ್ತ ನೋಡಿ, ಕೇಳಿದಳು.

"ನಿನ್ನೆ ಇಷ್ಟು ದೂರ ಬಂದಿದ್ನಾ ಅಣ್ಣ?"

"ಬಂದಿದ್ದೀಯ. ನಿಂಗೆ ಜ್ವರದಲ್ಲಿ ಗೊತ್ತಾಗಿಲ್ಲ."

"ಪರ್ವಾಗಿಲ್ವೇ ನಾನು," ಎಂದು ನಕ್ಕಳು. ಪಾದದಲ್ಲಿ ಕಾಲಿಟ್ಟು ಹೊರಟಳು. ಅವತ್ತು ಅವಳು ಓಡಿದ ಹಾಗೆ ಅದಕ್ಕೆ ಮುಂಚೆ ಯಾವ ದಿನವೂ ಓಡಿರಲಿಲ್ಲ. ತನ್ನಲ್ಲಿ ತಾನು ತಿಳಿದದ್ದಕ್ಕಿಂತ ಹೆಚ್ಚು ಶಕ್ತಿಯಿದೆ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಶ್ರೀನಿವಾಸಪುರದಲ್ಲಿ ಹೊತ್ತಿಗೆ ಸರಿಯಾಗಿ ಮುಟ್ಟಿದಳು, ಮಕ್ಕಳು ಮಾವಿನ ಸಸಿ ನೆಟ್ಟರು. ಕೋಲಾರದಲ್ಲಿ ಬೆಳಗಿನ ಜಾವ ಟೊಮೆಟೊ ಮಾರ್ಕೆಟ್ಟಿನ ಮುಂದೆ ಹಾಯ್ದಾಗ ಕ್ರೇಟು ಇಳಿಸುತ್ತಿದ್ದ ಹಮಾಲರು ಕೂಗಿದರು, "ಓಡಮ್ಮ ಓಡು, ನಮ್ಮ ಟೊಮೆಟೊ ರೇಟಾದ್ರೂ ನಿನ್ನಂಗೆ ಓಡ್ಲಿ." ವೇಮಗಲ್ಲಿನಲ್ಲಿ ಫ್ಯಾಕ್ಟರಿ ಪಾಳಿ ಬಿಟ್ಟು ಬಂದ ಹುಡುಗಿಯರು ಯೂನಿಫಾರ್ಮಿನಲ್ಲೇ ಅವಳ ಜೊತೆ ಒಂದಷ್ಟು ದೂರ ಓಡಿದರು, ಚಪ್ಪಲಿ ಕೈಯಲ್ಲಿ ಹಿಡಿದು. ಮಾಲೂರಿನಲ್ಲಿ ಮೈಕು, ಶಾಮಿಯಾನ. ಅಲ್ಲಿಂದ ನಮ್ಮೂರು. ಅಪ್ಪನ ಶೆಡ್ಡಿನ ಮುಂದೆ ಕೊನೆಯ ಸಲ ಕಲ್ಲಿಟ್ಟು ಅವಳು ಸೇರಿದವರಿಗೆ ಹೇಳಿದಳು, "ಒಂದು ಹೆಜ್ಜೆನೂ ಗಾಡೀಲಿ ದಾಟಿಲ್ಲ. ನೆಲ ಎಲ್ಲ ನನ್ನ ಕಾಲಿಗೆ ಗೊತ್ತು. ಬೇಕಾದ್ರೆ ನಮ್ಮಣ್ಣನ್ನ ಕೇಳಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಜೋರಾಗಿ ಆಡಿಸಿದೆ ಅಂತಲೇ ನೆನಪು.

ಕಲ್ಲನ್ನು ಅವಳ ಶಾಲೆಯ ಜಗಲಿಯಲ್ಲಿ ಇಟ್ಟರು. ಆಟಕ್ಕೆ ಹೊರಡುವ ಮಕ್ಕಳು ಅದರಲ್ಲಿ ಕಾಲಿಟ್ಟು ಹೋಗುವುದು ಅಭ್ಯಾಸವಾಯಿತು. ಶಾಲೆ ಶುರುವಾದ ಮೇಲೆ ಹಾಸ್ಟೆಲಿನಲ್ಲಿದ್ದುಕೊಂಡು ಎಂಟನೇ ಕ್ಲಾಸಿಗೆ ಬಂದ ಹುಡುಗಿಯೊಬ್ಬಳು ಮಾತ್ರ ಕಾಲಿಡಲಿಲ್ಲವಂತೆ. ಯಾಕೆಂದು ವೇಣಿ ಕೇಳಿದಾಗ, "ನೀವು ನಮ್ಮೂರ ಗೇಟಿಗೆ ಬರ್ಲಿಲ್ಲ ಮಿಸ್. ನಮ್ಮಜ್ಜಿ ನೀರಿಟ್ಕೊಂಡು ಕಾಯ್ತಿದ್ಲು," ಎಂದಳಂತೆ. ವೇಣಿ ಅವತ್ತೇ ನನಗೆ ಫೋನು ಮಾಡಿದಳು.

"ಅಣ್ಣ, ಚಿಗರೆಕುಂಟೆ ಗೇಟ್ ಅಂತ ಐತಂತೆ. ಅಲ್ಲಿ ಯಾರಾದ್ರೂ ಕಾಯ್ತಿದ್ರಾ?"

"ಗೇಟ್ ಐತೆ. ಹಿಂದಿನ ಸಂಜೆನೇ ನೀನು ದಾಟಿದ್ದೆ, ಕತ್ತಲಾಗಿತ್ತು ಕಣೇ. ಯಾರೂ ಇರ್ಲಿಲ್ಲ. ತಡವಾಗಿ ಬಂದಿರ್ಬೇಕು."

ಅಷ್ಟೇ ಮಾತು. ಕಲ್ಲು ಸರಿಸಿದಾಗ ನಾನು ದೂರವೊಂದನ್ನು ಮಾತ್ರ ಕದ್ದಿದ್ದೆ. ಈಗ ಸಮಯಕ್ಕೆ ಸರಿಯಾಗಿ ಬಂದು ಕೂತವಳನ್ನು ಸೋಮಾರಿ ಮಾಡಿದೆ. ವೇಣಿ ನನ್ನ ಮಾತನ್ನು ನಂಬಿ ಹಾಗೆಯೇ ಹುಡುಗಿಗೆ ಹೇಳಿದಳು. ಹುಡುಗಿ ಅಜ್ಜಿಗೆ ಹೇಳಿದಳು. ಎರಡು ವರ್ಷ ಅದು ಅಲ್ಲೇ ಇತ್ತು, ಅಶ್ವಿನಿ ಮಳೆಯ ದಿನ ನಾನು ಟಾರ್ಪಾಲು ಕಟ್ಟಲು ನಿಲ್ಲುವ ತನಕ.

ಆ ದಿನ ವಿಗ್ರಹ ಇಳಿಸಿ ಹಿಂದಿರುಗುವಾಗ ಕೋಲಾರದಲ್ಲಿ ವೇಣಿಯ ಮನೆಗೆ ಹೋದೆ. ಅವಳು ಟೀ ಮಾಡಿದಳು. ಲೋಟ ಕೈಗೆ ಬರುವ ಮೊದಲೇ ಹೇಳಿಬಿಟ್ಟೆ. ಮೋರಿ, ಕಲ್ಲು, ಗಾಡಿಯ ಬೆಳಕಿನಲ್ಲಿ ಕಂಡ ಹೆಂಗಸು, ಎಲ್ಲ. ಅವಳು ಬೈಯಲಿಲ್ಲ. ಕೊಡಲು ತಂದ ಲೋಟ ಅವಳ ಕೈಯಲ್ಲೇ ಇತ್ತು.

"ಅವತ್ತು ಅಷ್ಟು ಚೆನ್ನಾಗಿ ಓಡಿದ್ನಲ್ಲ ಅಣ್ಣ," ಎಂದಳು. "ಯಾವಾಗಾದ್ರೂ ಸುಸ್ತಾದ್ರೆ ಆ ದಿನಾನೇ ನೆನೆಸ್ಕೊಳ್ತಿದ್ದೆ. ಜ್ವರದಲ್ಲೂ ಅಷ್ಟು ದೂರ ಓಡಿದ್ದೆ ಅಂತ."

ಅವಳು ಟೀ ಕೊಟ್ಟಳು. ನಾನು ಕುಡಿದೆ.

"ಭಾನುವಾರ ಗಾಡಿ ತಗೊಂಡು ಬಾ," ಎಂದಳು.

ಭಾನುವಾರ ಶಾಲೆಯ ಜಗಲಿಯಿಂದ ಕಲ್ಲನ್ನು ಎತ್ತಿಕೊಂಡು ಹೋದೆವು. ಮೊದಲ ಮೋರಿಯನ್ನು ನಾನು ತೋರಿಸಿದೆ. ಅವಳು ಬೂಟಿನ ದಾರ ಕಟ್ಟುತ್ತಾ ನನ್ನ ಮುಖ ನೋಡದೆ ಹೇಳಿದಳು, "ಗಾಡಿ ಇಲ್ಲೇ ಇರ್ಲಿ. ಕಲ್ಲು ನೀನು ಹೊತ್ಕೊಂಡು ಬಾ." ಟವೆಲನ್ನು ಸಿಂಬಿ ಮಾಡಿ ತಲೆಯ ಮೇಲಿಟ್ಟು ಕಲ್ಲು ಹೊತ್ತೆ. ಅವಳು ಓಡಿದಳು. ನಾನು ನಡೆದೆ. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಗಾಡಿ ಹೊಡೆದಿದ್ದೇನೋ ಲೆಕ್ಕವಿಲ್ಲ. ಅಲ್ಲೊಂದು ಏರಿದೆ ಎನ್ನುವುದು ಅವತ್ತು ಗೊತ್ತಾಯಿತು. ಕಲ್ಲಿಳಿಸಿ ಕೂತು ಕೂತು ನಾನು ಗೇಟು ಮುಟ್ಟುವ ಹೊತ್ತಿಗೆ ಅವಳು ಇನ್ನೊಂದು ಮೋರಿಯ ತನಕ ಓಡಿ, ಹಿಂದಿರುಗಿ ಬಂದು, ಹುಣಸೆಮರದ ಕೆಳಗೆ ರಾಮಕ್ಕನ ಮುಂದೆ ಕೂತಿದ್ದಳು. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದಳು ಎಂದು ರಾಮಕ್ಕ ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು. ಇನ್ನಿಬ್ಬರು ಹೆಂಗಸರೂ ಬಂದು ನಿಂತಿದ್ದರು.

"ತಪ್ಪಾಯ್ತಮ್ಮ," ಎಂದೆ. "ತಡ ಆಗಿದ್ದು ನಿಮ್ಮಿಂದಲ್ಲ. ನಾನೇ ನೋಡ್ಕೊಂಡು ನಿಲ್ಲಿಸ್ದೆ ಹೋದೆ."

"ಗಾಡಿ ಹೋಗಿದ್ದು ನೋಡ್ದೆ ನಾನು. ನೀನು ಅಂತ ಗೊತ್ತಾಗ್ಲಿಲ್ಲ." ಆಮೇಲೆ ಕೇಳಿದಳು, "ಆ ನೀರು ಏನ್ ಮಾಡಿದ್ವಿ ಅಂತ ಕೇಳಿದ್ಯಾ?"

ಇಲ್ಲ ಎಂದೆ.

"ಮಳೆರಾಯಂಗೆ ಅಂತ ಹೊರಗೆ ಇಟ್ಟ ನೀರು ಮತ್ತೆ ಒಳಕ್ಕೆ ತಗೊಂಡು ಹೋಗಂಗಿಲ್ಲ ಕಣಪ್ಪ. ಕುಡಿಯೋಕೂ ಆಗಲ್ಲ, ದನಕ್ಕೂ ಇಡಂಗಿಲ್ಲ. ಬಿಸಿಲು ಏರೋಗಂಟ ಕಾದ್ವಿ. ಆಮೇಲೆ ಎಲ್ಲರೂ ಸೇರ್ಕೊಂಡು ರೋಡಿಗೆ ಹುಯ್ದ್ವಿ. ಬರೀ ರೋಡಿಗೆ. ಹೊಗೆ ಎದ್ದಂಗೆ ಎದ್ದು ಹೋಯ್ತು. ಮತ್ತೆ ನಲ್ಲೀಲಿ ನೀರು ಬರೋತಂಕ ಪಕ್ಕದ ತೋಟಕ್ಕೆ ಹೋಗಿ ಬೇಡ್ಕೊಂಡು ತಂದ್ವಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಯ ವಿಷಯ ಹೇಳುವ ಹಾಗೆ ಹೇಳಿದಳು. ನನ್ನ ತಲೆಯ ಮೇಲೆ ಇನ್ನೂ ಕಲ್ಲಿತ್ತು. ಪಕ್ಕದಲ್ಲಿದ್ದ ಹೆಂಗಸು ಅದನ್ನು ನೋಡಿ ನಕ್ಕು, "ಅಕ್ಕಾ, ಮಳೆರಾಯನ್ನ ಹೊತ್ಕೊಂಡೇ ಬಂದವ್ನೆ. ಹುಯ್ಯೋಣ್ವಾ?" ಎಂದಳು.

"ಯಾಕೆ? ಮೊನ್ನೆ ಮಳೆ ಬಿದ್ದೈತಲ್ಲ," ಎಂದಳು ರಾಮಕ್ಕ. "ಸುಮ್ನೆ ನೀರು ಹಾಳು. ಕುಡಿಯೋಕೆ ಕೊಡು."

ಚೊಂಬಿನಲ್ಲಿ ನೀರು ಕೊಟ್ಟರು. ಮೊದಲು ವೇಣಿಗೆ, ಆಮೇಲೆ ನನಗೆ. ಕಲ್ಲು ಇಲ್ಲೇ ಇರಲಿ, ಮತ್ತೆ ಶಾಲೆಗೆ ಒಯ್ಯುವುದಿಲ್ಲವೆಂದು ವೇಣಿ ಹೇಳಿದಳು. ಮಕ್ಕಳಿಗೆ ಏನು ಹೇಳುತ್ತೀಯೆಂದು ಕೇಳಿದೆ. "ನಡೆದಿದ್ದು ಹೇಳ್ತೀನಿ," ಎಂದಳು. ನನ್ನ ಹೆಸರು ಹೇಳುತ್ತೀಯಾ ಎಂದು ಕೇಳುವ ಧೈರ್ಯ ಬರಲಿಲ್ಲ. ಹೇಳಿದಳೆಂದು ಆಮೇಲೆ ಗೊತ್ತಾಯಿತು.

ಈಗಲೂ ವಾರಕ್ಕೊಮ್ಮೆಯಾದರೂ ಅವಳು ಫೋನು ಮಾಡುತ್ತಾಳೆ. ಮೊದಲು ಅಪ್ಪನನ್ನು ಕೇಳುತ್ತಾಳೆ, ಆಮೇಲೆ ನನ್ನನ್ನು. ಮತ್ತೆ ಓಡಲು ಶುರುಮಾಡಿದ್ದಾಳೆ. ಹಿಂದೆ ಗಾಡಿಯಲ್ಲಿ ಯಾರು ಹೋಗುತ್ತಾರೆಂದು ನಾನು ಕೇಳಿಲ್ಲ. ಶೆಡ್ಡಿನಲ್ಲಿ ಕಲ್ಲುಪುಡಿ ಕಲಸುವುದನ್ನು ಬಿಟ್ಟಿದ್ದೇನೆ. ಅದರಿಂದ ಏನಾದರೂ ಸರಿಹೋಯಿತೆಂದು ಹೇಳಲಾರೆ.

ಹೋದ ವಾರ ಆ ಕಡೆ ಹೋಗಿದ್ದೆ. ಗೇಟಿನಲ್ಲಿ ಗಾಡಿ ನಿಲ್ಲಿಸಿದೆ. ಕಲ್ಲನ್ನು ನಲ್ಲಿಯ ಕೆಳಗೆ ಬಿಂದಿಗೆ ಇಡಲು ಹಾಕಿಕೊಂಡಿದ್ದಾರೆ. ವೇಣಿಯ ಪಾದದ ತಗ್ಗಿನಲ್ಲಿ ನೀರು ನಿಂತಿತ್ತು. ರಾಮಕ್ಕನ ಬಿಂದಿಗೆ ಅದರ ಮೇಲೆ ಕೂತಿತ್ತು, ತಳ ಸಮವಾಗಿ ಕೂರದೆ ಒಂದು ಕಡೆಗೆ ಸ್ವಲ್ಪ ವಾಲಿತ್ತು. ಉಳಿ ಗಾಡಿಯಲ್ಲೇ ಇತ್ತು. ಒಂದು ಗಳಿಗೆಯ ಕೆಲಸ.

"ಅಂಚು ಸ್ವಲ್ಪ ತೆಗೆದು ಸಮ ಮಾಡಿ ಕೊಡ್ಲಾ ಅಮ್ಮ?" ಎಂದೆ.

"ಬ್ಯಾಡ ನಾಯ್ನಾ," ಎಂದಳು ರಾಮಕ್ಕ, ಬಿಂದಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು. "ನೀನು ಮುಟ್ಬೇಡ ಅದನ್ನ. ಹೆಂಗೈತೋ ಹಂಗೇ ಇರ್ಲಿ."